ನಳಿಗೆಯೊಳಗಿನ ಮಸಿ

ಬಂದೂಕೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಅದರ ಸದ್ದು, ಅದರ ಕುದುರೆ, ಅದನ್ನು ಹಿಡಿದವನ ಮೀಸೆ. ಗುರಿ ತಾಗಿದರೆ ಕಣ್ಣನ್ನು ಹೊಗಳುತ್ತೇವೆ. ತಪ್ಪಿದರೆ ಕೈಯನ್ನು ಬೈಯುತ್ತೇವೆ. ಗುಂಡು ಕಟ್ಟಕಡೆಗೆ ಸೋಕಿ ಹೋಗುವ ನಳಿಗೆಯ ಒಳಮೈಯನ್ನು ಮಾತ್ರ ಯಾರೂ ನೆನೆಯುವುದಿಲ್ಲ.

ನವನಗರಕ್ಕೆ ಬಂದು ನೆಲೆಸುವ ಮೊದಲು ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತ, ಎನ್.ಸಿ.ಸಿ. ಹುಡುಗರ ಹೊಣೆಯನ್ನೂ ಹೊತ್ತಿದ್ದೆ. .22 ರೈಫಲಿನಿಂದ ಗುಂಡು ಹಾರಿಸುವ ದಿನ ಅವರು ತಪ್ಪದೆ ಕೇಳುತ್ತಿದ್ದ ಪ್ರಶ್ನೆ ಒಂದೇ: “ಸರ್, ಈಗಷ್ಟ ಒರಸೇವಿ; ಮೊದಲ್ನೇ ಗುಂಡು ಯಾಕ ಬ್ಯಾರೆ ಕಡೆ ಹೋತ್ರಿ?”

ಪ್ರಶ್ನೆ ಸಣ್ಣದಲ್ಲ. ನಳಿಗೆಯ ಒಳಗೆ ಸುರುಳಿಯಾಗಿ ಕೊರೆದ ಗೆರೆಗಳಿರುತ್ತವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರವಾಗಿ ಕಳಿಸುತ್ತವೆ. ಈಗಷ್ಟೆ ಒರೆಸಿದ ನಳಿಗೆಯಲ್ಲಿ ಎಣ್ಣೆಯ ತೆಳುಪದರ ಉಳಿದಿದ್ದರೆ ಮೊದಲ ಗುಂಡಿಗೆ ಸಿಗುವ ಘರ್ಷಣೆಯೇ ಬೇರೆ. ಕೆಲವು ಗುಂಡುಗಳು ಹಾದುಹೋದ ಬಳಿಕ ಸೀಸ, ಮೇಣ, ಮಸಿಗಳ ಲೇಪ ಒಂದು ಹದಕ್ಕೆ ಬರುತ್ತದೆ; ಅನಂತರದ ಗುಂಡುಗಳು ಒಂದೆಡೆ ಗುಂಪುಗೂಡುತ್ತವೆ. ಸ್ಪರ್ಧಾಳುಗಳು ಲೆಕ್ಕಕ್ಕಿಲ್ಲದ ನಾಲ್ಕಾರು ಗುಂಡುಗಳನ್ನು ಮೊದಲು ಹಾರಿಸುವುದು ಇದಕ್ಕಾಗಿಯೇ.

ಹಾಗಾದರೆ ಮಸಿಯನ್ನು ಹಾಗೆಯೇ ಬಿಡಬಹುದೇ? ಚರಿತ್ರೆ ಬೇಡವೆನ್ನುತ್ತದೆ. ಕರಿಮದ್ದು ಉರಿದಾಗ ಅದರ ಅರ್ಧಕ್ಕೂ ಮಿಕ್ಕ ಭಾಗ ಘನರೂಪದ ಶೇಷವೇ. ಬಾಯಿಯ ಕಡೆಯಿಂದ ಗುಂಡು ತುಂಬಬೇಕಾಗಿದ್ದ ಎನ್‌ಫೀಲ್ಡ್ ರೈಫಲಿನಲ್ಲಿ ಆ ಮಸಿಯ ನಡುವೆ ಗುಂಡು ಸರಾಗವಾಗಿ ಇಳಿಯಲೆಂದೇ ಕಾಡತೂಸಿಗೆ ಕೊಬ್ಬು ಸವರುತ್ತಿದ್ದರು. 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ್ದು ಆ ಕೊಬ್ಬಿನ ಶಂಕೆ. ನಮ್ಮ ಸೀಮೆಯ ಹಲಗಲಿಯ ಬೇಡರು ಅದೇ ವರುಷ ಬಂಡೆದ್ದುದು ಆಯುಧ ಕಸಿಯುವ ಕಾಯಿದೆಗಾಗಿ, ಅದು ಬೇರೆ ಮಾತು. ಆದರೆ ಸಿಪಾಯಿಗಳ ದಂಗೆಯ ಹಿಂದೆ ನಳಿಗೆಯ ಮಸಿಯೂ ಒಂದಿಷ್ಟು ಇತ್ತೆಂಬುದನ್ನು ನಾವು ಮರೆತಿದ್ದೇವೆ.

ಮುಂದೆ ಹೊಗೆಯಿಲ್ಲದ ಮದ್ದು ಬಂದಿತು; ಕೇಡು ತಪ್ಪಲಿಲ್ಲ. ಹಳೆಯ .303 ಕಾಡತೂಸಿನ ಕಿಡಿಮದ್ದು ಉರಿದ ಮೇಲೆ ಒಂದು ಬಗೆಯ ಲವಣ ಉಳಿಯುತ್ತಿತ್ತು. ಉಪ್ಪಿನಂತೆ ಅದೂ ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತದೆ. ಲವಣ ಎಣ್ಣೆಗೆ ಕರಗದು, ನೀರಿಗೆ ಕರಗುತ್ತದೆ. ಆದುದರಿಂದ ಸೈನಿಕರು ನಳಿಗೆಗೆ ಕುದಿನೀರು ಹೊಯ್ದು, ಒಣಗಿಸಿ, ಆಮೇಲೆ ಎಣ್ಣೆ ಹಚ್ಚುತ್ತಿದ್ದರು. ಕೊಡಗಿನವರು ಮಳೆಗಾಲದ ಬೇಸಾಯ ಮುಗಿದ ಮೇಲೆ, ಸೆಪ್ಟೆಂಬರಿನ ಕೈಲ್ ಮುಹೂರ್ತದಂದು ಕೋವಿಗಳನ್ನು ಶುಚಿಗೊಳಿಸಿ, ಹೂವಿಟ್ಟು ಪೂಜಿಸಿ, ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಆ ಹಬ್ಬದಲ್ಲಿ ಭಕ್ತಿಯೊಡನೆ ವಿವೇಕವೂ ಇದೆ.

ಶುಚಿಯ ಅತಿಯೂ ಕೇಡೇ. .303 ರೈಫಲಿನ ಹಿಡಿಯೊಳಗೆ ಎಣ್ಣೆಯ ಕುಪ್ಪಿ, ಹಿತ್ತಾಳೆಯ ತೂಕ ಕಟ್ಟಿದ ಹುರಿ, ಅದಕ್ಕೆ ಸಿಕ್ಕಿಸಲು ಫ್ಲಾನೆಲ್ ಅರಿವೆ ಇರುತ್ತಿದ್ದವು. ಧೂಳು ಮೆತ್ತಿದ ಹುರಿಯನ್ನು ಓರೆಯಾಗಿ ಎಳೆದೆಳೆದು ಎಷ್ಟೋ ನಳಿಗೆಗಳ ಬಾಯಿ ಒಂದೇ ಮಗ್ಗುಲಿಗೆ ಸವೆದುಹೋದವು. ಬಾಯಿಯ ಅಂಚು ಕೆಟ್ಟರೆ ಗುಂಡು ಹೊರಬೀಳುವ ಕ್ಷಣದಲ್ಲಿ ಅನಿಲ ಒಂದು ಕಡೆಗೆ ಹೆಚ್ಚು ನುಗ್ಗಿ ಅದನ್ನು ಓಲಾಡಿಸುತ್ತದೆ. ಹಿಂಬದಿಯಿಂದ, ನೇರವಾಗಿ, ಶುಭ್ರವಾದ ಅರಿವೆಯಿಂದ ಒರೆಸಬೇಕೆಂದು ನಾನು ಹುಡುಗರಿಗೆ ಹೇಳುತ್ತಿದ್ದುದು ಅದಕ್ಕೇ.

ಹೊಸ ನಳಿಗೆಯನ್ನು ಪಳಗಿಸುವುದೂ ಒಂದು ಚರ್ಚೆಯ ವಿಷಯ. ಒಂದೊಂದು ಗುಂಡಿಗೂ ಒಮ್ಮೆ ಒರೆಸುತ್ತ ಹೋದರೆ ಕೊರೆಯುವ ಉಪಕರಣ ಬಿಟ್ಟ ಒರಟು ಗೆರೆಗಳು ನಯವಾಗಿ, ತಾಮ್ರ ಅಂಟುವುದು ಕಡಿಮೆಯಾಗುತ್ತದೆಂದು ಕೆಲವರು. ತಯಾರಿಸುವಾಗಲೇ ಕೈಯಿಂದ ಉಜ್ಜಿ ನಯಗೊಳಿಸಿದ ನಳಿಗೆಗೆ ಅದೆಲ್ಲ ವ್ಯರ್ಥ, ಅದರ ಆಯುಷ್ಯದಲ್ಲಿ ಅಷ್ಟು ಗುಂಡುಗಳು ನಷ್ಟವೆಂದು ಇನ್ನು ಕೆಲವರು. ವೇಗದ ಗುಂಡು ಹಾರಿಸುವ ನಳಿಗೆಯ ನಿಖರತೆ ಕೆಲವು ಸಾವಿರ ಗುಂಡುಗಳಿಗೇ ತೀರುವುದರಿಂದ ಎರಡನೆಯವರ ಮಾತಿಗೆ ತೂಕವುಂಟು.

ನಿಖರತೆಯೆಂದರೆ ಸಮತೆ. ನಳಿಗೆ ಇಂದು ಇದ್ದಂತೆಯೇ ನಾಳೆಯೂ ಇರಬೇಕು. ಸ್ಪರ್ಧೆಯವನಿಗೆ ತಿದ್ದಿಕೊಳ್ಳಲು ಅವಕಾಶವುಂಟು. ನಮ್ಮ ನವನಗರದ ಪೊಲೀಸ್ ಕಮಿಷನರ ಕಚೇರಿಯ ಕಾವಲಿನವನಿಗಾಗಲಿ, ಗಡಿಯ ಸಿಪಾಯಿಗಾಗಲಿ ಅದಿಲ್ಲ. ಅವನ ಮೊದಲ ಗುಂಡು ದಾರಿ ತಪ್ಪಿದರೆ ಅದು ತಾಗುವುದು ಯಾರೋ ನಿರಪರಾಧಿಗೆ. ಆದುದರಿಂದ ಒರೆಸಿದ ನಳಿಗೆಯ ಮೊದಲ ಗುಂಡು ಎಲ್ಲಿ ಬಿದ್ದಿತೆಂಬುದನ್ನು ಪ್ರತಿ ಸಲವೂ ಪುಸ್ತಕದಲ್ಲಿ ಬರೆದಿಡಬೇಕು. ಆ ಒಂದು ಸಾಲಿನ ಬೆಲೆ ಹತ್ತು ಪದಕಗಳಿಗಿಂತ ಹೆಚ್ಚು.