ಹಳೆಯ ಲೆಕ್ಕವನ್ನು ಹರಿದೆಸೆಯಬೇಡಿ

ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಾವೊಂದು ತಪ್ಪು ಮಾಡಿದೆವು. ಹನ್ನೆರಡು ಮಂದಿ ಕೆಲಸಗಾರರ ಪಾಳಿಪಟ್ಟಿಯನ್ನು ಮೂರು ರಾತ್ರಿ ಕುಳಿತು ಸಿದ್ಧಪಡಿಸಿದ್ದೆವು. ರಾತ್ರಿಶಾಲೆಗೆ ಹೋಗುತ್ತಿದ್ದ ಇಬ್ಬರು ಹುಡುಗರಿಗೆ ಸಂಜೆಯ ಬಿಡುವು ದೊರಕಿತ್ತು. ಒಂದು ದಿನ ಸಪ್ಲಾಯರನೊಬ್ಬನು ತಾಯಿಗೆ ಕಾಯಿಲೆಯೆಂದು ಊರಿಗೆ ಹೊರಟನು. ನಾವು ಪಟ್ಟಿಯನ್ನೇ ಹರಿದು ಮೊದಲಿನಿಂದ ಬರೆದೆವು. ಆ ಅವಸರದಲ್ಲಿ ಹುಡುಗರ ಬಿಡುವು ಹೋಯಿತು. ಅವರಲ್ಲೊಬ್ಬನು ಆ ವರ್ಷ ಪರೀಕ್ಷೆಗೆ ಕೂಡಲಿಲ್ಲ. ತೆರವಾದುದು ಒಂದು ಸ್ಥಾನ. ಕದಡಿದುದು ಹನ್ನೆರಡು ಮಂದಿಯ ದಿನಚರಿ.

ಇಂತಹ ಲೆಕ್ಕಕ್ಕೆಂದೇ ಒಂದು ಶಾಸ್ತ್ರವಿರುವುದನ್ನು ನಾವು ತಡವಾಗಿ ಅರಿತೆವು. ಅದರ ಹೆಸರು ಲೀನಿಯರ್ ಪ್ರೋಗ್ರಾಮಿಂಗ್. ಗೊತ್ತಾದ ಮಿತಿಗಳೊಳಗೆ ಅತಿ ಕಡಿಮೆ ಖರ್ಚಿನ ಅಥವಾ ಅತಿ ಹೆಚ್ಚಿನ ಲಾಭದ ದಾರಿಯನ್ನು ಕಂಡುಹಿಡಿಯುವುದೇ ಅದರ ಕೆಲಸ.

ಹೋಟೆಲಿನವರಿಗೆ ಸಲ್ಲುವ ಉದಾಹರಣೆಯೊಂದಿದೆ. ಒಬ್ಬ ಮನುಷ್ಯನಿಗೆ ಬೇಕಾದ 9 ಪೋಷಕಾಂಶಗಳನ್ನು 77 ಆಹಾರವಸ್ತುಗಳಿಂದ ಅತ್ಯಂತ ಅಗ್ಗವಾಗಿ ಒದಗಿಸುವುದು ಹೇಗೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1945ರಲ್ಲಿ ಕೇಳಿದರು. 1939ರ ದರದಲ್ಲಿ ವರ್ಷಕ್ಕೆ 39.93 ಡಾಲರ್ ಸಾಕೆಂದು ಅವರು ಅಂದಾಜು ಮಾಡಿದರು. 1947ರಲ್ಲಿ ಜಾರ್ಜ್ ಡಾಂಟ್ಸಿಗ್ ಸಿಂಪ್ಲೆಕ್ಸ್ ಎಂಬ ವಿಧಾನವನ್ನು ರೂಪಿಸಿದ ಬಳಿಕ, ಒಂಬತ್ತು ಮಂದಿ ಗುಮಾಸ್ತರು ಕೈಯಂತ್ರಗಳನ್ನು ತಿರುಗಿಸಿ ಇದೇ ಲೆಕ್ಕವನ್ನು ಬಿಡಿಸಿದರು. ಬಂದ ಉತ್ತರ 39.69 ಡಾಲರ್. ತಗಲಿದ ದುಡಿಮೆ ಒಟ್ಟು 120 ಆಳುದಿನ! ಗುಮಾಸ್ತಿಕೆಯ ಕಷ್ಟವನ್ನು ಬಲ್ಲ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮರುದಿನವೇ ಎಲೆಕೋಸಿನ ಬೆಲೆ ಏರಿದ್ದರೆ ಇನ್ನೊಮ್ಮೆ 120 ದಿನ ದುಡಿಯಬೇಕಾಗಿತ್ತೇ? ಇಲ್ಲ. ಹಳೆಯ ಆಹಾರಪಟ್ಟಿ ಆಗಲೂ ದೇಹಕ್ಕೆ ಸಾಲುವುದು. ಅದೇ ಅತ್ಯಂತ ಅಗ್ಗವಾದುದೇ ಎಂದು ಪರೀಕ್ಷಿಸಿದರಾಯಿತು. ಅಲ್ಲವಾದರೆ ಅಲ್ಲಿಂದಲೇ ಮುಂದುವರಿದು, ಒಂದನ್ನು ತೆಗೆದು ಇನ್ನೊಂದನ್ನು ಸೇರಿಸುತ್ತ ಹೋಗಬೇಕು. ಸಾಮಾನ್ಯವಾಗಿ ಕೆಲವೇ ಹೆಜ್ಜೆಗಳಲ್ಲಿ ಹೊಸ ಉತ್ತರ ದೊರಕುವುದು.

ಬೆಲೆ ಹಾಗೆಯೇ ಇದ್ದು, ವೈದ್ಯರು ಯಾವುದೋ ಪೋಷಕಾಂಶವನ್ನು ಹೆಚ್ಚಿಸಿರೆಂದರೆ ದಾರಿ ಬೇರೆ. ಆಗ ಹಳೆಯ ಆಯ್ಕೆಯಿಂದಲೇ ಹೊರಟು, ಎಲ್ಲಿ ಕೊರತೆ ಬೀಳುವುದೋ ಅಲ್ಲಿ ಮಾತ್ರ ಸರಿಪಡಿಸುತ್ತ ಬರಬೇಕು. ಇದಕ್ಕೆ 1954ರಲ್ಲಿ ಲೆಮ್ಕೆ ಎಂಬವರು ಪ್ರಕಟಿಸಿದ ಡ್ಯುಯಲ್ ಸಿಂಪ್ಲೆಕ್ಸ್ ವಿಧಾನವು ಒದಗುತ್ತದೆ. ಪೇಟೆಗೆ ಹೊಸ ವಸ್ತು ಬಂದರೆ ಇನ್ನೂ ಸುಲಭ. ಹಳೆಯ ಲೆಕ್ಕವು ಪ್ರತಿಯೊಂದು ಪೋಷಕಾಂಶಕ್ಕೂ ಒಳಗಿಂದೊಳಗೇ ಒಂದು ಬೆಲೆ ಕಟ್ಟಿರುತ್ತದೆ. ಆ ಬೆಲೆಯಲ್ಲಿ ಹೊಸ ವಸ್ತುವಿನ ಸತ್ವವನ್ನು ಕೂಡಿಸಿ ನೋಡಬೇಕು. ಅಂಗಡಿಯವನು ಅದಕ್ಕಿಂತ ಹೆಚ್ಚು ಕೇಳಿದರೆ ಪಟ್ಟಿಯನ್ನು ಮುಟ್ಟಬೇಕಾಗಿಲ್ಲ.

ಇಂದು ಗಣಕಯಂತ್ರಗಳು ಲಕ್ಷಗಟ್ಟಲೆ ಅಂಕಿಗಳನ್ನು ಕ್ಷಣದಲ್ಲಿ ನುಂಗುತ್ತಿರುವಾಗ ಈ ಜಾಣತನವೇಕೆಂದು ಕೇಳಬಹುದು. ಪಾಳಿಪಟ್ಟಿಯಲ್ಲಿ ಅರ್ಧ ಮನುಷ್ಯನನ್ನು ನಿಲ್ಲಿಸಲು ಬರುವುದಿಲ್ಲ. ಪೂರ್ಣ ಸಂಖ್ಯೆಯ ಉತ್ತರ ಬೇಕಾದಾಗ ಯಂತ್ರವು ಒಂದೊಂದೇ ಮಿತಿಯನ್ನು ಸೇರಿಸುತ್ತ ಸಾವಿರಾರು ಬಾರಿ ಲೆಕ್ಕ ಬಿಡಿಸಬೇಕಾಗುತ್ತದೆ. ಪ್ರತಿಸಲವೂ ಸೊನ್ನೆಯಿಂದ ತೊಡಗಿದರೆ ಕೆಲಸ ಮುಗಿಯದು. ಮುಂಬಯಿಯ ಐ.ಐ.ಟಿ.ಯಲ್ಲಿ ಓದಿದ ನರೇಂದ್ರ ಕರ್ಮರ್ಕರ್ 1984ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಹೊಸ ವಿಧಾನವು ದೊಡ್ಡ ಲೆಕ್ಕಗಳಿಗೆ ವೇಗ ತಂದು ಜಗತ್ತಿನಲ್ಲಿ ಹೆಸರಾಯಿತು. ಆದರೆ ಹಳೆಯ ಉತ್ತರದಿಂದ ಹೊರಡುವ ಸೌಕರ್ಯ ಅಂತಹ ವಿಧಾನಗಳಲ್ಲಿ ಕಡಿಮೆ. ಆದುದರಿಂದ ಮರುಲೆಕ್ಕಕ್ಕೆ ಸಿಂಪ್ಲೆಕ್ಸ್ ಇಂದಿಗೂ ಬಳಕೆಯಲ್ಲಿದೆ. ಬದಲಾವಣೆಗಳು ವಿಪರೀತವಾದರೆ ಮಾತ್ರ ಹೊಸದಾಗಿ ತೊಡಗುವುದೇ ಲೇಸು.

ಪಾಳಿಪಟ್ಟಿ ಬರೆಯುವ ಸಹೋದರರಲ್ಲಿ ನಮ್ಮ ವಿನಂತಿ ಎರಡೇ. ಒಬ್ಬನು ಊರಿಗೆ ಹೋದಾಗ ಹಳೆಯ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ತೆರವಾದ ಜಾಗದಿಂದ ಆರಂಭಿಸಿರಿ. ಎರಡನೆಯದಾಗಿ, ಹುಡುಗರ ಶಾಲೆಯ ಹೊತ್ತನ್ನು ಒಂದು ಮಿತಿಯೆಂದೇ ಮೊದಲು ಬರೆದಿಡಿರಿ. ನಾವು ಅದನ್ನು ಬರೆದಿರಲಿಲ್ಲ, ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆವು. ಬರೆಯದ ಮಿತಿಯನ್ನು ಯಾವ ಗಣಿತವೂ ಕಾಯಲಾರದು.