ಭಯಾನಕ ಕಥೆಗಳ ವಿಮರ್ಶೆ: ಚಿತ್ರಕಥೆ ಮತ್ತು ಚಲಚ್ಚಿತ್ರಗಳನ್ನು ಕುರಿತು ಒಂದು ವಿವೇಚನೆ

ನಮ್ಮ ಆಲಂಕಾರಿಕರು ಭಯವನ್ನು ಕಾವ್ಯಲೋಕದಿಂದ ಹೊರಗಿಡಲಿಲ್ಲ. ಭಯವು ಸ್ಥಾಯಿಯಾದ ಭಯಾನಕವನ್ನೂ ಜುಗುಪ್ಸೆಯು ಸ್ಥಾಯಿಯಾದ ಬೀಭತ್ಸವನ್ನೂ ಭರತಮುನಿಯು ಬೇರೆಬೇರೆ ರಸಗಳೆಂದೇ ಎಣಿಸಿದ್ದಾನೆ. ಆದರೂ ದೆವ್ವದ ಕಥೆಯನ್ನು ಹೇಳುವ ಚಿತ್ರಕಥೆಯೋ ಚಲಚ್ಚಿತ್ರವೋ ಎದುರಾದಾಗ ನಮ್ಮ ವಿಮರ್ಶೆಯು ‘ಮೈ ನವಿರೇಳಿಸಿತು’ ಎಂದೋ ‘ಮೂಢನಂಬಿಕೆಯನ್ನು ಬೆಳೆಸಿತು’ ಎಂದೋ ಹೇಳಿ ಸುಮ್ಮನಾಗುವುದುಂಟು. ಈ ಮಾತುಗಳು ವಿಮರ್ಶೆಗೆ ಆರಂಭವಾಗಬಹುದೇ ಹೊರತು ಮುಕ್ತಾಯವಾಗಲಾರವು. ಇಂತಹ ಕೃತಿಗಳನ್ನು ಯಾವ ಅಳತೆಗೋಲಿನಿಂದ ಅಳೆಯಬೇಕೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸಲೆಳಸುತ್ತೇವೆ.

ಚಿತ್ರಕಥೆಗಳ ವಿಷಯದಲ್ಲಿ ಈ ಪ್ರಶ್ನೆಯು ವಿಚಾರಣೆಯ ರೂಪದಲ್ಲಿಯೇ ಎದ್ದಿತು. 1954ರಲ್ಲಿ ಅಮೆರಿಕದ ಸೆನೆಟ್ ಸಭೆಯ ಉಪಸಮಿತಿಯೊಂದು ಬಾಲಾಪರಾಧಕ್ಕೂ ಚಿತ್ರಕಥೆಗಳಿಗೂ ಇರುವ ಸಂಬಂಧವನ್ನು ಪರಿಶೀಲಿಸಿತು. ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಅವುಗಳ ವಿರುದ್ಧ ಸಾಕ್ಷ್ಯ ನುಡಿದನು. ಪ್ರಕಾಶಕ ವಿಲಿಯಮ್ ಗೇನ್ಸ್, ಕತ್ತರಿಸಿದ ತಲೆಯನ್ನು ಹಿಡಿದ ಕೊಲೆಗಾರನ ಮುಖಚಿತ್ರವನ್ನೂ ಸಮರ್ಥಿಸಿದನು. ಅದೇ ವರ್ಷದ ಅಕ್ಟೋಬರಿನಲ್ಲಿ ಪ್ರಕಾಶಕರು ತಾವೇ ರಚಿಸಿಕೊಂಡ ಸಂಹಿತೆಯು ಹೆಸರಿನಲ್ಲಿ ‘ಭಯಾನಕ’ ಎಂಬ ಶಬ್ದವನ್ನು ಸಹ ನಿಷೇಧಿಸಿತು. ಬ್ರಿಟನ್ 1955ರಲ್ಲಿ ಇದಕ್ಕಾಗಿ ಕಾಯಿದೆಯನ್ನು ಮಾಡಿತು. ಭಾರತದ ಸಂಸತ್ತು 1956ರಲ್ಲಿ ಇಪ್ಪತ್ತು ವರ್ಷಕ್ಕೆ ಕೆಳಗಿನವರನ್ನು ಕೆಡಿಸುವ ಪ್ರಕಟಣೆಗಳ ಮೇಲೆ ಶಾಸನವನ್ನು ವಿಧಿಸಿತು. ಬೆಳಗಾವಿ ಜಿಲ್ಲೆಯು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದುದೂ ಅದೇ ವರ್ಷ.

ಈ ಭಾರತೀಯ ಶಾಸನದಲ್ಲಿ ವಿಮರ್ಶಕನು ಗಮನಿಸಬೇಕಾದ ಒಂದು ಅಂಶವಿದೆ. ಒಂದು ಚಿತ್ರ ಅಥವಾ ಒಂದು ಘಟನೆ ಘೋರವಾಗಿದ್ದರೆ ಸಾಲದು. ಪ್ರಕಟಣೆಯು ಒಟ್ಟಾರೆಯಾಗಿ ಕೆಡಿಸುವಂತಹುದೇ ಎಂಬುದನ್ನು ನೋಡಬೇಕೆಂದು ಅದು ಹೇಳುತ್ತದೆ. ಇದು ತತ್ತ್ವತಃ ಸಾಹಿತ್ಯವಿಮರ್ಶೆಯ ನಿಯಮವೇ. ಆದರೆ ಎಳೆಯರ ಮನಸ್ಸು ಕೆಡುವುದೇ ಎಂದು ಕೇಳಿದ ಶಾಸನವು, ಕಥೆ ಹುಟ್ಟಿಸಿದ ಭಯವು ಕೊನೆಗೆ ಯಾರ ಮೇಲೆ ಹೋಗಿ ಬೀಳುತ್ತದೆ ಎಂದು ಕೇಳಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ವಿಮರ್ಶಕನು ಮುಖ್ಯವಾಗಿ ಕೇಳಬೇಕಾದ ಪ್ರಶ್ನೆಯು ಇದೇ ಆಗಿದೆ.

ಕನ್ನಡದ ಮಕ್ಕಳು ಸಚಿತ್ರವಾದ ಭಯವನ್ನು ಮೊದಲು ಕಂಡುದು ಬಹುಮಟ್ಟಿಗೆ ‘ಚಂದಮಾಮ’ದಲ್ಲಿ. 1949ರಲ್ಲಿ ಕನ್ನಡದಲ್ಲಿ ಆರಂಭವಾದ ಆ ಪತ್ರಿಕೆಯ ಬೇತಾಳ ಕಥೆಗಳಿಗೆ ‘ಶಂಕರ್’ ಎಂದು ಪ್ರಸಿದ್ಧರಾದ ಕೆ. ಸಿ. ಶಿವಶಂಕರನ್ ಬರೆದ ಚಿತ್ರವನ್ನು ಮರೆತ ವಾಚಕರು ವಿರಳ. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಸುತ್ತಲೂ ಕತ್ತಲೆ: ಭಯಕ್ಕೆ ಬೇಕಾದ ಸಾಮಗ್ರಿಯೆಲ್ಲ ಅಲ್ಲಿದೆ. ಆದರೆ ಹೆಣದೊಳಗಿನ ಬೇತಾಳವು ರಾಜನನ್ನು ಕಡಿಯುವುದಿಲ್ಲ. ಕಥೆ ಹೇಳಿ ಪ್ರಶ್ನೆ ಕೇಳುತ್ತದೆ. ತಿಳಿದೂ ಉತ್ತರಿಸದಿದ್ದರೆ ತಲೆ ಹೋಳಾಗುತ್ತದೆಂಬುದೇ ಅದರ ಬೆದರಿಕೆ. ಭಯವು ಇಲ್ಲಿ ಯಾರ ಮೇಲೂ ದ್ವೇಷವಾಗಿ ಹರಿಯದೆ ಧರ್ಮಸೂಕ್ಷ್ಮದ ವಿಚಾರವಾಗಿ ಪರಿಣಮಿಸುತ್ತದೆ. ಅಳತೆಗೋಲಾಗಿ ಇದೊಂದನ್ನು ಇಟ್ಟುಕೊಳ್ಳಬಹುದು.

ಮಾಧ್ಯಮಭೇದವನ್ನೂ ಇಲ್ಲಿ ಮರೆಯಲಾಗದು. ಚಿತ್ರಕಥೆಯಲ್ಲಿ ಕಾಲವು ವಾಚಕನ ಕೈಯಲ್ಲಿದೆ. ಹೆದರಿದವನು ಪುಟವನ್ನು ಮಗುಚದೆ ನಿಲ್ಲಬಲ್ಲನು, ಹಿಂದಿರುಗಬಲ್ಲನು. ಒಂದು ಚೌಕದಿಂದ ಇನ್ನೊಂದಕ್ಕೆ ನಡುವೆ ನಡೆದುದನ್ನು ಅವನ ಕಲ್ಪನೆಯೇ ತುಂಬುತ್ತದೆ. ಚಲಚ್ಚಿತ್ರದಲ್ಲಿ ಕಾಲವು ನಿರ್ದೇಶಕನ ವಶ. ಅಲ್ಲಿ ಕತ್ತಲೆಗಿಂತಲೂ ಧ್ವನಿಯೇ ಪ್ರೇಕ್ಷಕನನ್ನು ಹೆಚ್ಚಾಗಿ ಹಿಡಿಯುತ್ತದೆ. ಆದುದರಿಂದ ಹಠಾತ್ತನೆ ಬೆಚ್ಚಿಸುವುದನ್ನೇ ಭಯಾನಕರಸವೆಂದು ತಿಳಿಯಬಾರದು. ಬೆಚ್ಚುವುದು ಶರೀರದ ಧರ್ಮ. ರಸವು ಮನಸ್ಸಿನಲ್ಲಿ ನೆಲೆಗೊಳ್ಳಬೇಕು.

ಈ ದೃಷ್ಟಿಯಿಂದ ಎರಡು ಕನ್ನಡ ಚಿತ್ರಗಳನ್ನು ಹೋಲಿಸೋಣ. ವಿಜಯ್ ನಿರ್ದೇಶಿಸಿದ ‘ನಾ ನಿನ್ನ ಬಿಡಲಾರೆ’ (1979) ಚಿತ್ರದಲ್ಲಿ ಹೆಣ್ಣಿನ ಪ್ರೇತವೊಂದು ಗೃಹಸ್ಥನನ್ನು ಆವರಿಸುತ್ತದೆ. ಅನಂತನಾಗ್ ಅವರ ಅಭಿನಯವೇ ಅಲ್ಲಿ ಭಯದ ಮುಖ್ಯ ವಾಹಕ. ಕಥಾಲೋಕದೊಳಗೆ ಪ್ರೇತವು ನಿಜವೇ, ಪರಿಹಾರವು ದೈವಭಕ್ತಿಯೇ. ಮಲಯಾಳದ ‘ಮಣಿಚಿತ್ರತ್ತಾಳ್’ (1993) ಚಿತ್ರವನ್ನು ಆಧರಿಸಿ ಪಿ. ವಾಸು ನಿರ್ದೇಶಿಸಿದ ‘ಆಪ್ತಮಿತ್ರ’ದಲ್ಲಿ (2004) ನಾಗವಲ್ಲಿ ಎಂಬ ನರ್ತಕಿಯ ಪ್ರೇತವೆಂದು ತೋರಿದುದು ಗಂಗೆಯ ಮನೋವ್ಯಾಧಿಯೆಂದು ತಿಳಿದುಬರುತ್ತದೆ. ಅಷ್ಟರಿಂದಲೇ ಎರಡನೆಯದು ಮೇಲೆಂದು ತೀರ್ಮಾನಿಸುವುದು ಅವಸರವಾದೀತು. ಅದರ ನಿಜವಾದ ಸತ್ತ್ವವು ಬೇರೆಡೆ ಇದೆ. ಮನೆಯವರ ಸಂಶಯವು ಮೊದಲು ನಿರಪರಾಧಿಯಾದ ಇನ್ನೊಬ್ಬ ಹೆಣ್ಣುಮಗಳ ಮೇಲೆ ಬೀಳುತ್ತದೆ. ಪ್ರೇಕ್ಷಕರಾದ ನಾವೂ ಅವಳನ್ನೇ ಶಂಕಿಸುತ್ತೇವೆ. ಆ ಶಂಕೆ ಸುಳ್ಳಾದಾಗ ನಾಚಬೇಕಾದವರಲ್ಲಿ ನಾವೂ ಒಬ್ಬರಾಗುತ್ತೇವೆ. ಮರಾಠಿಯನ್ನೂ ಬಲ್ಲ ಬೆಳಗಾವಿಯ ವಾಚಕರಿಗೆ ಪರಿಚಿತರಾದ ನಾರಾಯಣ ಧಾರಪರ ಕಥೆಯಿಂದ ಪ್ರೇರಣೆ ಪಡೆದ ಹಿಂದೀ ಚಿತ್ರ ‘ತುಂಬಾಡ್’ (2018) ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಭಯದ ಮೂಲವನ್ನು ನಾಯಕನ ದುರಾಸೆಯಲ್ಲಿಯೇ ತೋರಿಸುತ್ತದೆ.

ಭಯವು ತಪ್ಪು ವಿಳಾಸಕ್ಕೆ ಹೋಗುವುದಕ್ಕೆ ಖಾನಾಪುರದ ಕಾಡೇ ಒಂದು ನಿದರ್ಶನವನ್ನು ಒದಗಿಸುತ್ತದೆ. ತೆರೆಯ ಮೇಲೆ ಬಾವಲಿ ಹಾರಿದರೆ ಪಿಶಾಚಿ ಬಂದಿತೆಂದೇ ಅರ್ಥ. ಖಾನಾಪುರ ತಾಲ್ಲೂಕಿನ ತಳೇವಾಡಿಯ ಬಳಿಯಿರುವ ಬಾರಾಪೇಡೆ ಗುಹೆಯಲ್ಲಿ ರೌಟನ್ ಎಂಬುವನ ಹೆಸರನ್ನು ಹೊತ್ತ ಅಪೂರ್ವ ಜಾತಿಯ ಬಾವಲಿಗಳಿವೆ. 1913ರಲ್ಲಿ ಶಾಸ್ತ್ರೀಯವಾಗಿ ವರ್ಣಿತವಾದ ಈ ಜಾತಿಯು ಹಲವು ದಶಕಗಳ ಕಾಲ ಆ ಗುಹೆಯೊಂದರಿಂದಲೇ ತಿಳಿದಿತ್ತು. ರಕ್ತವನ್ನು ಹೀರದೆ ಕೀಟಗಳನ್ನು ತಿಂದು ಬದುಕುವ ಈ ಜೀವಿಯು ಮನುಷ್ಯನಿಂದ ರಕ್ಷಣೆಯನ್ನು ಪಡೆಯಬೇಕಾದುದು. ಭೀಮಗಡ ವನ್ಯಜೀವಿಧಾಮವು 2011ರಲ್ಲಿ ಘೋಷಿತವಾದುದರಿಂದ ಅದರ ನೆಲೆಗೆ ಕಾಪು ದೊರೆಯಿತು.

ಬಾವಲಿಯ ಮೇಲೆ ಬಿದ್ದ ಅಪವಾದವೇ ಮನುಷ್ಯರ ಮೇಲೆ ಬಿದ್ದಾಗ ಪರಿಣಾಮವು ಘೋರವಾಗುತ್ತದೆ. ‘ಮೈಮೇಲೆ ಬಂದಿದೆ’ ಎಂದು ಹೇಳಿ ರೋಗಿಯನ್ನು ಕಟ್ಟಿ ಹೊಡೆಯುವವರಿಗೆ ಕಥೆಯ ಭಯವೂ ಒಂದು ಆಧಾರವಾಗಬಲ್ಲುದು. ಅಮಾನವೀಯ ದುಷ್ಟಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ವಿಧೇಯಕವನ್ನು ಕರ್ನಾಟಕ ವಿಧಾನಸಭೆಯು 2017ರ ನವೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿಯೇ ಅಂಗೀಕರಿಸಿತು. 2020ರ ಜನವರಿಯಲ್ಲಿ ಅದು ಜಾರಿಗೆ ಬಂದಿತು. 1956ರ ಶಾಸನವು ಕಥೆಯನ್ನು ಶಂಕಿಸಿತು. ಇದು ಕಥೆಯನ್ನು ಬಿಟ್ಟು ಕೃತ್ಯವನ್ನು ದಂಡಿಸುತ್ತದೆ. ಈ ಎರಡರ ನಡುವಣ ಪ್ರದೇಶದಲ್ಲಿ ಕಾಯಿದೆಗೆ ಪ್ರವೇಶವಿಲ್ಲ. ಅಲ್ಲಿ ಕೆಲಸ ಮಾಡಬೇಕಾದುದು ವಿಮರ್ಶೆ.

ಆದುದರಿಂದ ವಿದ್ಯಾರ್ಥಿಗಳು ಭಯಾನಕ ಕೃತಿಯೊಂದನ್ನು ಪರಿಶೀಲಿಸುವಾಗ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಳ್ಳುವುದು ಯುಕ್ತವೆಂದು ನಮಗೆ ತೋರುತ್ತದೆ. ಇಲ್ಲಿರುವುದು ಭಯವೋ ಜುಗುಪ್ಸೆಯೋ, ಬರಿಯ ಬೆಚ್ಚೋ? ಅದನ್ನು ಸಾಧಿಸಲು ಮಾಧ್ಯಮವು ತನ್ನ ಸ್ವಂತ ಶಕ್ತಿಯನ್ನು ಹೇಗೆ ಬಳಸಿಕೊಂಡಿದೆ? ದೀಪ ಹತ್ತಿದ ಮೇಲೆ, ಪುಸ್ತಕ ಮುಚ್ಚಿದ ಮೇಲೆ, ನಾವು ಯಾರನ್ನು ಹೆದರಿಕೆಯಿಂದ ನೋಡುತ್ತೇವೆ? ದೆವ್ವವುಂಟೇ ಇಲ್ಲವೇ ಎಂಬ ಚರ್ಚೆಯಿಲ್ಲದೆಯೂ ಈ ಮೂರಕ್ಕೂ ಉತ್ತರ ಹೇಳಬಹುದು. ಮೂರನೆಯದರ ಉತ್ತರವು ನೆರೆಮನೆಯ ಒಂಟಿ ಹೆಂಗಸೋ ಮನಸ್ಸು ಕೆಟ್ಟ ಹುಡುಗಿಯೋ ಆಗಿದ್ದರೆ, ಕೃತಿಯು ಎಷ್ಟೇ ಚಮತ್ಕಾರದಿಂದ ಕೂಡಿದ್ದರೂ ಅದನ್ನು ಉತ್ತಮವೆನ್ನಲಾಗದು. ಇದನ್ನು ತಿಳಿದೂ ವಿಮರ್ಶಕನು ಹೇಳದೆ ಉಳಿದರೆ ಬೇತಾಳನ ಬೆದರಿಕೆಯು ಅವನಿಗೂ ಸಲ್ಲುತ್ತದೆ.