ಸೊಪ್ಪು ಬೇಯಿಸಿದ ನೀರು ಚೆಲ್ಲುತ್ತೀರಾ?

ರಕ್ತಹೀನತೆ ಎಂದೊಡನೆ ಎಲ್ಲರಿಗೂ ನೆನಪಾಗುವುದು ಕಬ್ಬಿಣಾಂಶ. ಆದರೆ ಕಬ್ಬಿಣ ಸಾಕಷ್ಟಿದ್ದರೂ ಬಿ ಗುಂಪಿನ ಜೀವಸತ್ವವಾದ ಫೋಲೇಟ್ ಕಡಿಮೆಯಾದರೆ ಕೆಂಪು ರಕ್ತಕಣಗಳು ಸರಿಯಾಗಿ ಬಲಿಯುವುದಿಲ್ಲ. ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ 1928ರಲ್ಲಿ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿಯರ ಇಂಥ ರಕ್ತಹೀನತೆಯನ್ನು ಅಭ್ಯಸಿಸಿದರು. ಯೀಸ್ಟಿನ ಸಾರ ಕೊಟ್ಟರೆ ಅದು ವಾಸಿಯಾಗುವುದೆಂದು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಗುಣಕಾರಿ ವಸ್ತುವೇ ಫೋಲೇಟ್. 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದಾಗ, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಹೆಸರು ಬಂತು.

ಹೆಸರಿನಲ್ಲಿ ಎಲೆಯಿದ್ದರೂ ನಮ್ಮ ಅಡಿಗೆಮನೆಯಲ್ಲಿ ಮೊದಲ ಮಣೆ ಕಾಳುಗಳಿಗೇ ಸಲ್ಲಬೇಕು. 200 ಗ್ರಾಂ ಬೆಂದ ಹೆಸರುಕಾಳು ಅಥವಾ ಕಡಲೆಕಾಳಿನಲ್ಲಿ 300 ಮೈಕ್ರೋಗ್ರಾಂಗೂ ಮಿಕ್ಕಿ ಫೋಲೇಟ್ ಇದೆ. ಅಲಸಂದೆಯಲ್ಲಿ ಇನ್ನೂ ಹೆಚ್ಚು. ವಯಸ್ಕ ಹೆಂಗಸಿಗೆ ದಿನಕ್ಕೆ ಬೇಕಾದುದು 220, ಗರ್ಭಿಣಿಗೆ 570 ಮೈಕ್ರೋಗ್ರಾಂ. ಪಾಲಕ್, ಮೆಂತ್ಯ ಮುಂತಾದ ಸೊಪ್ಪುಗಳು, ಬೀಟ್‌ರೂಟ್, ಕಡಲೆಕಾಯಿ, ಕಿತ್ತಳೆ, ಮಾಂಸಾಹಾರಿಗಳಿಗೆ ಮೊಟ್ಟೆ ಇವೆಲ್ಲವೂ ಒಳ್ಳೆಯವೇ. ಪಾಲಿಶ್ ಮಾಡಿದ ಅಕ್ಕಿಯಿಂದ ಮಾತ್ರ ಹೆಚ್ಚೇನೂ ಸಿಗದು.

ಫೋಲೇಟ್ ನೀರಿನಲ್ಲಿ ಕರಗುತ್ತದೆ, ಬಿಸಿಗೂ ಹಾಳಾಗುತ್ತದೆ. ಪಾಲಕ್ ಕುದಿಸಿ ನೀರು ಚೆಲ್ಲಿದರೆ ಸುಮಾರು ಅರ್ಧದಷ್ಟು ಚರಂಡಿ ಪಾಲು! ಹಬೆಯಲ್ಲಿ ಬೇಯಿಸಿದರೆ ಅಷ್ಟು ನಷ್ಟವಿಲ್ಲ. ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ, ಬಸಿದ ಕಟ್ಟಿನಿಂದಲೇ ಸಾರು ಮಾಡಿ, ಉಳಿದದ್ದನ್ನು ಪಲ್ಯ ಮಾಡುವ ನಮ್ಮ ಬಸ್ಸಾರಿನಲ್ಲಿ ನೀರಿಗಿಳಿದ ಫೋಲೇಟ್ ಮರಳಿ ತಟ್ಟೆಗೇ ಬರುತ್ತದೆ. ಸೊಪ್ಪನ್ನು ಹೆಚ್ಚಿದ ಮೇಲಲ್ಲ, ಹೆಚ್ಚುವ ಮೊದಲೇ ತೊಳೆಯಿರಿ.

ಮಗು ಬೇಕೆನ್ನುವ ದಂಪತಿಗಳು ಇನ್ನೊಂದು ವಿಷಯ ತಿಳಿದಿರಬೇಕು. ಮಗುವಿನ ಮಿದುಳು, ಬೆನ್ನುಹುರಿ ರೂಪುಗೊಳ್ಳುವ ನಾಳವು ಗರ್ಭಕಟ್ಟಿದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಅಂದರೆ ಮುಟ್ಟು ತಪ್ಪಿ ಎರಡು ವಾರವಾಗುವಷ್ಟರಲ್ಲಿ ಆ ಕೆಲಸ ಮುಗಿದಿರುತ್ತದೆ. ಬಸಿರು ಖಚಿತವಾಗಿ ಆಸ್ಪತ್ರೆಗೆ ಹೋಗುವ ವೇಳೆಗೆ ಎಷ್ಟೋ ಸಲ ತಡವಾಗಿರುತ್ತದೆ. ಇಷ್ಟರ ಮಟ್ಟಿಗೆ ಊಟವೊಂದನ್ನೇ ನೆಚ್ಚುವಂತಿಲ್ಲ, ಏಕೆಂದರೆ ಆಹಾರದ ಫೋಲೇಟ್ ಪೂರ್ತಿಯಾಗಿ ಮೈಗೆ ಹತ್ತುವುದಿಲ್ಲ. ಗರ್ಭಧಾರಣೆಗೆ ಕನಿಷ್ಠ ಒಂದು ತಿಂಗಳು ಮೊದಲಿನಿಂದ ಮೂರನೆಯ ತಿಂಗಳು ಮುಗಿಯುವವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆ ಬೇಕು. ಹಿಂದಿನ ಮಗುವಿಗೆ ಬೆನ್ನುಹುರಿಯ ದೋಷವಿದ್ದರೆ ಪ್ರಮಾಣ ಇದರ ಹತ್ತು ಪಟ್ಟು. ಅದನ್ನು ವೈದ್ಯರೇ ಬರೆದುಕೊಡಬೇಕು. ಇಂಥ ತಾಯಂದಿರಲ್ಲಿ ದೋಷ ಮರುಕಳಿಸುವುದು ಸುಮಾರು ಮುಕ್ಕಾಲು ಪಾಲು ತಗ್ಗಿತೆಂದು 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ತೋರಿಸಿತು.

ಸುಸ್ತು ಎಂದು ಮನೆಯ ಹಿರಿಯರಿಗೂ ಇದೇ ಮಾತ್ರೆ ಕೊಡಬೇಡಿ. ಶುದ್ಧ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಆಗ ಫೋಲಿಕ್ ಆಮ್ಲದಿಂದ ರಕ್ತ ಸುಧಾರಿಸಿದಂತೆ ಕಂಡರೂ, ಒಳಗೊಳಗೇ ನರಗಳು ಹಾಳಾಗುತ್ತಾ ಹೋಗಬಹುದು. ಮೊದಲು ರಕ್ತಪರೀಕ್ಷೆ ಮಾಡಿಸಿ.